ಮರೆತ ಸಾಲಿಗೆ ಚಪ್ಪಾಳೆ

ಮೇಷ್ಟ್ರ ಮೇಲೆ ನನಗೆ ಕೋಪ ಇದೆ. ಅದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ನೀವು ಈ ಹೆಂಗಸು ಯಾಕೆ ಅವರನ್ನ ಇಷ್ಟು ಕುಟುಕ್ತಾಳೆ ಅಂತ ಕೇಳೋದು ಬೇಡ. ನನಗೆ ಮೂಗಿನ ತುದೀಲೇ ಕೋಪ ಅಂತ ಬೀದಿಗೆಲ್ಲ ಗೊತ್ತು. ಡ್ರೈಕ್ಲೀನಿಂಗ್ ಅಂಗಡಿ ಇಟ್ಕೊಂಡೋಳಿಗೆ ಕೋಪ ಬರದೆ ಇನ್ನೇನು ಬರುತ್ತೆ ಹೇಳಿ? ಜೇಬಲ್ಲಿ ಪೆನ್ನು ಬಿಟ್ಟು ಕೋಟು ಕೊಟ್ಟು ಹೋಗ್ತಾರೆ, ಆಮೇಲೆ ಬಂದು ಮಸಿ ಹೇಗೆ ಹತ್ತಿತು ಅಂತ ನನ್ನನ್ನೇ ಕೇಳ್ತಾರೆ.

ನನ್ನ ತಮ್ಮ ರಾಕ್ ಬ್ಯಾಂಡಲ್ಲಿ ಹಾಡ್ತಾನೆ. ಬ್ಯಾಂಡಿನ ಹೆಸರು ‘ತುಕ್ಕು’. ಮೊದಲ ಸಲ ಕೇಳಿದಾಗ, “ಬೇರೆ ಹೆಸರೇ ಸಿಗಲಿಲ್ವೇನೋ? ತುಕ್ಕಿನ ಕಲೆ ತೆಗೆಯೋದಂದ್ರೆ ನನಗೆ ಅರ್ಧ ದಿನದ ಕೆಲಸ” ಅಂದಿದ್ದೆ. ಚಿಕ್ಕೋನಿದ್ದಾಗ ಬಾಯಿ ಮುಚ್ಕೊಂಡ್ರೂ ಒಳಗೇ ಗುಂಯ್ ಅಂತಿದ್ದ, ಅದಕ್ಕೆ ಅಪ್ಪ ಅವನನ್ನ ಜೀರುಂಡೆ ಅಂತ ಕರೀತಿದ್ರು. ಈಗ ಹಾಲ್ ತುಂಬ ಜನ “ಜೀರುಂಡೆ! ಜೀರುಂಡೆ!” ಅಂತ ಕಿರುಚ್ತಾರೆ. ಅಮ್ಮ ಹೋದಾಗ ಅವನಿನ್ನೂ ಶೂ ಲೇಸ್ ಕಟ್ಟೋಕೆ ಬಾರದ ಹುಡುಗ. ತಲೆ ಬಾಚಿ ಸ್ಕೂಲಿಗೆ ಕಳಿಸಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದು ಎಲ್ಲ ನಾನೇ. ಹೆತ್ತಿಲ್ಲ ಅನ್ನೋದೊಂದು ಬಿಟ್ರೆ ಅವನು ನನ್ನ ಮಗನೇ. ಅವನಿಗೂ ಮದುವೆ ಇಲ್ಲ, ನನಗೂ ಇಲ್ಲ. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ, ಅದರಲ್ಲೇ ನಮ್ಮ ಸಂಸಾರ.

ಅಂಗಡಿಯ ವ್ಯಾನ್ ಓಡಿಸೋ ಡ್ರೈವರಣ್ಣನೇ ತುಕ್ಕು ಬ್ಯಾಂಡಿನ ಮೊದಲ ಅಭಿಮಾನಿ. ಹೋಟೆಲುಗಳಿಂದ ಪರದೆ, ಹಾಸಿಗೆ ಬಟ್ಟೆ ತರೋದು ಅವನ ಕೆಲಸ. ಎಲ್ಲಿ ಕಾನ್ಸರ್ಟ್ ಇದ್ರೂ ಆ ಕಡೆಯಿಂದಲೇ ಬಟ್ಟೆ ತರೋದಿದೆ ಅಂತ ನನಗೆ ಸುಳ್ಳು ಹೇಳಿ ಹೋಗಿಬಿಡ್ತಿದ್ದ. ಆಮೇಲೆ ಪಾರ್ಲರ್ ನಡೆಸೋ ಹುಡುಗಿ ಸೇರ್ಕೊಂಡ್ಲು. ಕೊನೆಗೆ ಒಂದು ಕೋಟಿನ ಜೊತೆ ಮೇಷ್ಟ್ರು ಬಂದ್ರು. ಕಾಲೇಜಲ್ಲಿ ಸಾಹಿತ್ಯ ಪಾಠ ಮಾಡ್ತಾರೆ. ಕೋಟು ಇಸ್ಕೊಳ್ಳೋಕೆ ಬಂದೋರು ಗೋಡೆ ಮೇಲಿನ ಪೋಸ್ಟರ್ ನೋಡಿ, “ಇವರು ನಿಮಗೇನಾಗಬೇಕು?” ಅಂದ್ರು. ತಮ್ಮ ಅಂದೆ. ಅವತ್ತಿಂದ ಅವರ ಬಟ್ಟೆಗೆ ವಾರಕ್ಕೊಂದು ಹೊಸ ಕಲೆ.

ಪ್ರತಿ ಕಾನ್ಸರ್ಟ್ ಆದ ಮೇಲಿನ ಭಾನುವಾರ ಮೂರೂ ಜನ ನನ್ನ ಅಂಗಡೀಲಿ ಇಸ್ತ್ರಿ ಮೇಜಿನ ಸುತ್ತ ಕೂರ್ತಿದ್ರು. ಇದಕ್ಕೆ ಡ್ರೈವರಣ್ಣ ‘ಪಂಚನಾಮೆ’ ಅಂತ ಹೆಸರಿಟ್ಟಿದ್ದ. ಫೋನಲ್ಲಿ ರೆಕಾರ್ಡ್ ಮಾಡೋ ಹಾಗಿಲ್ಲ, ಅದು ಅವರ ಕಟ್ಟುನಿಟ್ಟು. ಕಾನ್ಸರ್ಟನ್ನ ಪೂರ್ತಿ ನೆನಪಿನಿಂದಲೇ ಮತ್ತೆ ಕಟ್ಟಬೇಕು. ಯಾವ ಹಾಡು ಯಾವುದರ ಮೇಲೆ ಬಂತು, ನಡುವೆ ಜೀರುಂಡೆ ಏನು ಮಾತಾಡಿದ, ನೀರು ಯಾವಾಗ ಕುಡಿದ, ಎಲ್ಲ. ಒಬ್ಬರು ಹೇಳಿದ್ದನ್ನ ಇನ್ನಿಬ್ಬರು ಒಪ್ಪಿದ್ರೆ ಮಾತ್ರ ಲೆಕ್ಕಕ್ಕೆ. ನಾನು ಕಾಲರ್ ಉಜ್ಜುತ್ತಾ ಕೇಳಿಸಿಕೊಳ್ತಿದ್ದೆ. ಸುಳ್ಳು ಯಾಕೆ, ಖುಷಿಯಾಗ್ತಿತ್ತು. ನನ್ನ ಕೈಯಲ್ಲಿ ಉಂಡು ಬೆಳೆದೋನು ನೀರು ಕುಡಿದಿದ್ದನ್ನ ಮೂರು ಜನ ವಾದ ಮಾಡಿ ತೀರ್ಮಾನ ಮಾಡ್ತಾರಲ್ಲ ಅಂತ.

ಹೋದ ವರ್ಷ ‘ಆಚೆ ದಡ’ ಅನ್ನೋ ಆಲ್ಬಂ ಬಂತು. ಒಬ್ಬ ಅಂಬಿಗನ ಹಾಡುಗಳು. ದಿನಾ ದೋಣಿ ನಡೆಸ್ತಾ ನಡೆಸ್ತಾ ಅವನಿಗೆ ಒಂದೊಂದೇ ಊರಿನ ಹೆಸರು ಮರೆತು ಹೋಗುತ್ತೆ. ಮೊದಲು ಊರು, ಆಮೇಲೆ ಜನ, ಕೊನೆಗೆ ಕೈಯಲ್ಲಿರೋ ಹುಟ್ಟನ್ನೇ ನೋಡಿ ಇದೇನು ಅಂತಾನೆ. ಮೊದಲ ಸಲ ಕೇಳಿದಾಗ ನನಗೆ ಅಳು ಬಂತು. ಮೇಷ್ಟ್ರಿಗೆ ಮಾತ್ರ ಒಂದು ಪುಸ್ತಕ ನೆನಪಿಗೆ ಬಂತು.

ಯಾವುದೋ ದೂರದ ದೇಶದ ಹಳೇ ಕಾದಂಬರಿಯಂತೆ. ಅದರಲ್ಲೂ ಒಬ್ಬ ಅಂಬಿಗ, ಅವನಿಗೂ ಮರೆವು. ಮುಂದಿನ ಪಂಚನಾಮೆಗೆ ಪುಸ್ತಕ ಹಿಡ್ಕೊಂಡೇ ಬಂದ್ರು. ಪುಟಕ್ಕೊಂದು ಚೀಟಿ ಸಿಕ್ಕಿಸಿದ್ರು. “ನೋಡಿ ಅಕ್ಕಾ, ಎರಡನೇ ಹಾಡು ಅಂದ್ರೆ ಮೂರನೇ ಅಧ್ಯಾಯ. ಈ ಮಂಜು, ಈ ಗಂಟೆ ಸದ್ದು, ಎಲ್ಲ ಇದೆ. ನಿಮ್ಮ ತಮ್ಮ ಎಂಥ ಓದುಗ ಅಂತ ನಿಮಗೇ ಗೊತ್ತಿಲ್ಲ” ಅಂದ್ರು. ನನ್ನ ತಮ್ಮ ಓದುಗನಾ? ಅವನು ಔಷಧಿ ಬಾಟಲಿ ಮೇಲೆ ಬರೆದಿದ್ದನ್ನೂ ನನ್ನ ಹತ್ರ ಓದಿಸೋನು. ಆದ್ರೂ ಸುಮ್ಮನಿದ್ದೆ.

ಆಮೇಲೆ ಒಂದು ಕಾನ್ಸರ್ಟಲ್ಲಿ ಅವನು ಒಂದು ಸಾಲು ಬಿಟ್ಟ. ಹಾಡ್ತಾ ಹಾಡ್ತಾ ನಿಂತ, ಬಾಯಿ ತೆರೆದೇ ಇತ್ತು, ಗಿಟಾರ್ ಮುಂದೆ ಹೋಯ್ತು, ಅವನು ಅದರ ಮುಂದಿನ ಸಾಲು ಹಿಡ್ಕೊಂಡ. ಭಾನುವಾರ ಡ್ರೈವರಣ್ಣ, “ಪಾಪ, ಸುಸ್ತಾಗಿತ್ತೇನೋ, ಮರೆತುಬಿಟ್ಟ” ಅಂದ.

ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ರು. “ಮರೆತಿದ್ದಲ್ಲ ಕಣಯ್ಯಾ! ಯಾವ ಸಾಲು ಬಿಟ್ಟ ನೋಡು. ಊರಿನ ಹೆಸರಿದ್ದ ಸಾಲು. ಅಂಬಿಗ ಮೊದಲು ಮರೆಯೋದು ಊರನ್ನೇ. ಹಾಡು ಹಾಡ್ತಾ ಇಲ್ಲ ಅವನು, ಕಾದಂಬರೀನ ಬದುಕ್ತಾ ಇದ್ದಾನೆ!”

ಪಾರ್ಲರ್ ಹುಡುಗಿಗೆ ಮೈ ಜುಮ್ಮಂತು. ಡ್ರೈವರಣ್ಣ ಕೆನ್ನೆ ಕೆರ್ಕೊಂಡ. ನನಗೂ ಹೌದಲ್ವಾ ಅನ್ನಿಸ್ತು. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯ್ತು ನಮ್ಮ ಕಥೆ. ಮುಂದಿನ ಕಾನ್ಸರ್ಟಲ್ಲಿ ಇನ್ನೊಂದು ಸಾಲು ಹೋಯ್ತು, ಅದರ ಮುಂದಿನದರಲ್ಲಿ ಎರಡು. ಮೇಷ್ಟ್ರು ಇದನ್ನೆಲ್ಲ ಎಲ್ಲಿ ಬರೆದ್ರೋ, ಯಾರಿಗೆ ಹೇಳಿದ್ರೋ, ಜನ ಸಾಲು ಬೀಳೋದನ್ನ ನೋಡೋಕೇ ಬರೋಕೆ ಶುರು ಮಾಡಿದ್ರು. ಅವನು ತಡವರಿಸಿ ನಿಂತ ಕೂಡ್ಲೇ ಇಡೀ ಹಾಲ್ ಚಪ್ಪಾಳೆ ಹೊಡೀತಿತ್ತು.

ಒಂದು ಸಲ ಅವನನ್ನೇ ಕೇಳಿದೆ. “ಲೋ, ಆ ಪುಸ್ತಕ ಓದಿದ್ಯೇನೋ ನೀನು?” ಅವನು ಲೋಟ ತೊಳೀತಿದ್ದ. ತೊಳೆದ ಲೋಟಾನೇ ಮತ್ತೆ ತೊಳೆದ. “ಮೇಷ್ಟ್ರು ಸುಳ್ಳು ಹೇಳ್ತಾರಾ ಅಕ್ಕ?” ಅಂದು ನಕ್ಕ. ನಾನು ಅದನ್ನ ಹೌದು ಅಂತ ತಗೊಂಡೆ.

ಬಿಡುವಿದ್ದಾಗ ಅವನು ಅಂಗಡಿ ಕೆಲಸಕ್ಕೆ ಕೈ ಜೋಡಿಸ್ತಿದ್ದ. ಒಂದು ಮಧ್ಯಾಹ್ನ ಹ್ಯಾಂಗರ್ ಹಿಡ್ಕೊಂಡು ನಿಂತಿದ್ದ. “ಅಕ್ಕ, ಇದನ್ನ... ಇದನ್ನ ಏನಂತಾರೆ?” ಅಂದ. ನಾನು, “ನಾಟಕ ಎಲ್ಲ ಸ್ಟೇಜ್ ಮೇಲೆ ಇಟ್ಕೋ. ಇಲ್ಲಿ ಗಿರಾಕಿ ಕಾಯ್ತಿದಾರೆ” ಅಂತ ಗದರಿದೆ. ಅವನ ಮುಖ ಸಣ್ಣಗಾಯ್ತು. ಹ್ಯಾಂಗರನ್ನ ಕುರ್ಚಿ ಮೇಲಿಟ್ಟು, ಅಂಗೀನ ಅದರ ಪಕ್ಕ ಮಡಿಸಿಟ್ಟು ಮೇಲಕ್ಕೆ ಹೋದ.

ಅದಾಗಿ ಒಂದು ವಾರಕ್ಕೆ ಯಾರದೋ ಬಿಳೀ ಉಣ್ಣೆ ಕೋಟಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟವನು ತೆಗೀಲೇ ಇಲ್ಲ. ನಾನು ಹಿಂದಿನ ಕೋಣೇಲಿದ್ದೆ. ಕೂದಲು ಸುಟ್ಟ ವಾಸನೆ ಬಂತು. ಓಡಿ ಬಂದ್ರೆ ಹೊಗೆ ಏಳ್ತಿದೆ, ಇವನು ಎದುರಿಗೇ ನಿಂತ್ಕೊಂಡು ನೋಡ್ತಾ ಇದ್ದಾನೆ. ನನ್ನ ಕಡೆ ತಿರುಗಿ, “ಅಕ್ಕ, ಏನೋ ಸುಡ್ತಾ ಇದೆ” ಅಂದ. ಎಷ್ಟು ಮೆತ್ತಗೆ ಅಂದ ಅಂದ್ರೆ, ಪಕ್ಕದ ಮನೇಲಿ ಏನೋ ಸುಡ್ತಿದೆ ಅನ್ನೋ ಹಾಗೆ. ನನಗೆ ಬೈಯೋಕೆ ಬಾಯೇ ಬರಲಿಲ್ಲ. ಇಸ್ತ್ರಿಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟೆ. ಅಲ್ಲಿ ಮೇಷ್ಟ್ರೂ ಇರಲಿಲ್ಲ, ಕಾದಂಬರೀನೂ ಇರಲಿಲ್ಲ, ಚಪ್ಪಾಳೆ ಹೊಡೆಯೋಕೆ ಯಾರೂ ಇರಲಿಲ್ಲ.

ಆಸ್ಪತ್ರೇಲಿ ತಲೆ ಸ್ಕ್ಯಾನ್ ಮಾಡಿದ್ರು. ಡಾಕ್ಟರಮ್ಮ ಒಳ್ಳೆಯವರು, ನೇರ ಮಾತು. “ಗಡ್ಡೆ ಕೆಟ್ಟ ಜಾತೀದಲ್ಲ ಅನ್ಸುತ್ತೆ. ಆದ್ರೆ ಕೂತಿರೋ ಜಾಗ ಕೆಟ್ಟದ್ದು. ಮೆದುಳಲ್ಲಿ ಮಾತಿನ ಭಾಗಾನ ಒತ್ತುತ್ತಿದೆ. ಬೇಗ ತೆಗೆದ್ರೆ ಉಳೀತಾರೆ, ಮಾತೂ ಬಹುಮಟ್ಟಿಗೆ ಉಳಿಯುತ್ತೆ. ತಡ ಮಾಡಿದ್ರೆ ನಾನು ಯಾವ ಮಾತೂ ಕೊಡಲ್ಲ” ಅಂದ್ರು. ಆಮೇಲೆ, “ಮರೆವು ಯಾವಾಗಿಂದ?” ಅಂತ ಕೇಳಿದ್ರು. ನನಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ. ಯಾವ ದಿನ ಯಾವ ಮಾತು ಹೋಯ್ತು ಅಂತ ಮೂರು ಜನ ನನ್ನ ಮೇಜಿನ ಸುತ್ತ ಕೂತು ತೀರ್ಮಾನ ಮಾಡಿದ್ರಲ್ಲ. ನಾನೇ ಟೀ ಮಾಡಿ ಕೊಟ್ಟಿದ್ದೆನಲ್ಲ!

ಇವನು ಆಪರೇಷನ್ ಬೇಡ ಅಂದ. ದೊಡ್ಡ ಹಾಲಲ್ಲಿ ಕಾನ್ಸರ್ಟ್ ಇದೆ, ‘ಆಚೆ ದಡ’ ಪೂರ್ತಿ ಹಾಡಬೇಕು, ಆಮೇಲೆ ನೋಡೋಣ ಅಂದ. ವ್ಯಾನಲ್ಲಿ ವಾಪಸ್ ಬರ್ತಾ ಬಾಯಿಗೆ ಬಂದ ಹಾಗೆ ಬೈದೆ. ಡ್ರೈವರಣ್ಣ ರಸ್ತೆ ಬಿಟ್ಟು ಬೇರೆ ಕಡೆ ನೋಡಲೇ ಇಲ್ಲ.

“ಅಕ್ಕ,” ಅಂದ ಅವನು, ಒಂದೊಂದೇ ಮಾತು ಹುಡುಕಿ ಹುಡುಕಿ, “ನಾನು ಆ ಪುಸ್ತಕ ಓದಿಲ್ಲ. ಕಣ್ಣಲ್ಲೂ ನೋಡಿಲ್ಲ. ನನಗೆ ಮರೆಯೋಕೆ ಶುರುವಾಯ್ತು. ಯಾರಿಗೂ ಹೇಳೋಕಾಗ್ಲಿಲ್ಲ. ಹಾಡು ಬರೆದೆ.”

“ಮತ್ತೆ ಮೇಷ್ಟ್ರು ಹೇಳಿದಾಗ ಯಾಕೋ ಸುಮ್ಮನಿದ್ದೆ?”

“ಒಳ್ಳೇದೇ ಆಯ್ತು ಅನ್ನಿಸ್ತು. ಮನೇಲಿ ಮರೆತ್ರೆ ನೀನು ಗದರ್ತೀಯ. ಅಲ್ಲಿ ಮರೆತ್ರೆ ಚಪ್ಪಾಳೆ ಹೊಡೀತಾರೆ.”

ಡ್ರೈವರಣ್ಣ ವ್ಯಾನನ್ನ ಪಕ್ಕಕ್ಕೆ ಹಾಕಿ ನಿಲ್ಲಿಸಿ, ಕೆಳಗಿಳಿದು ಟಯರ್ ನೋಡೋ ಹಾಗೆ ಮಾಡಿದ. ಟಯರಿಗೆ ಏನೂ ಆಗಿರಲಿಲ್ಲ.

ಕಾನ್ಸರ್ಟ್ ನಿಲ್ಲಿಸಿ ಅಂತ ಬ್ಯಾಂಡಿನ ಗಿಟಾರ್ ಹುಡುಗನಿಗೆ ಫೋನ್ ಮಾಡಿದೆ. ಅವನನ್ನ ಎಲ್ಲರೂ ಕಡ್ಡಿ ಅಂತಾರೆ. ಕಡ್ಡಿ, “ಅಕ್ಕಾ, ಜೀರುಂಡೆ ಆಗಲೇ ಹೇಳಿದ, ನೀವು ಸ್ವಲ್ಪ ಗಾಬರಿ ಮಾಡ್ಕೊಂಡಿದೀರಂತೆ. ಒಂದೇ ಒಂದು ಕಾನ್ಸರ್ಟ್ ಅಲ್ವಾ” ಅಂದ. ಸರಿ, ಇನ್ನು ಅಭಿಮಾನಿಗಳೇ ಗತಿ ಅಂದ್ಕೊಂಡೆ. ಇವರು ಮೂರು ಜನ ಬೇಡ ಅಂದ್ರೆ, ಮೇಷ್ಟ್ರು ನಾಲ್ಕು ಕಡೆ ಇದು ಕಾಯಿಲೆ ಅಂತ ಹೇಳಿದ್ರೆ, ಜನ ಬರಲ್ಲ, ಬಂದ್ರೂ ಚಪ್ಪಾಳೆ ಹೊಡೆಯಲ್ಲ. ಆಗ ಇವನಿಗೆ ಅಡಗೋಕೆ ಜಾಗ ಇರಲ್ಲ. ಭಾನುವಾರ ಇಸ್ತ್ರಿ ಆರಿಸಿ, ಅವರ ಎದುರಿಗೆ ನಿಂತು ಎಲ್ಲ ಹೇಳಿದೆ. ಗಡ್ಡೆ, ಸ್ಕ್ಯಾನು, ಡಾಕ್ಟರಮ್ಮ, ಸುಟ್ಟ ಕೋಟು, ಎಲ್ಲ. ಹೇಳ್ತಾ ಹೇಳ್ತಾ ಅತ್ತುಬಿಟ್ಟೆ. ನಾನು ಜನರೆದುರು ಅಳೋಳಲ್ಲ.

ಮೇಷ್ಟ್ರು ಉಸಿರು ಬಿಗಿ ಹಿಡ್ಕೊಂಡು ಕೇಳ್ತಿದ್ರು. ಅವರ ಕಣ್ಣೂ ಒದ್ದೆಯಾಯ್ತು. ಅಬ್ಬ, ತಲೆಗೆ ಹೋಯ್ತು ಅಂದ್ಕೊಂಡೆ.

“ಹನ್ನೊಂದನೇ ಅಧ್ಯಾಯ,” ಅಂದ್ರು.

“ಏನದು?”

“ಅಂಬಿಗನ ಅಕ್ಕ. ಹನ್ನೊಂದನೇ ಅಧ್ಯಾಯದಲ್ಲಿ ಅವಳು ಊರವರ ಮುಂದೆ ಬಂದು, ನನ್ನ ತಮ್ಮನಿಗೆ ಕಾಯಿಲೆ, ಅವನ ದೋಣಿ ಹತ್ತಬೇಡಿ ಅಂತ ಬೇಡ್ಕೊಳ್ತಾಳೆ. ಯಾರೂ ನಂಬಲ್ಲ. ಅಕ್ಕಾ, ನಿಮ್ಮನ್ನೂ ಸೇರಿಸ್ಕೊಂಡುಬಿಟ್ನಾ ಅವನು! ಸ್ಟೇಜ್ ಬಿಟ್ಟು ಅಂಗಡಿಗೇ ತಂದುಬಿಟ್ನಾ!”

ಪಾರ್ಲರ್ ಹುಡುಗಿ ಚಪ್ಪಾಳೆ ತಟ್ಟಿದ್ಲು. ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಅಂತಾರಲ್ಲ, ಅದನ್ನ ಅವತ್ತು ಕಣ್ಣಾರೆ ನೋಡಿದೆ. ಸ್ಕ್ಯಾನ್ ಫಿಲ್ಮನ್ನ ಮೇಷ್ಟ್ರ ಮುಖಕ್ಕೆ ಹಿಡಿದೆ. ಅದನ್ನ ಬೆಳಕಿಗೆ ಹಿಡಿದು, “ಎಷ್ಟು ಅಚ್ಚುಕಟ್ಟಾಗಿ ಮಾಡಿಸಿದಾನೆ” ಅಂದ್ರು. ನನ್ನ ಮೈಯೆಲ್ಲ ಉರಿದುಹೋಯ್ತು. “ಎದ್ದು ನಡೀರಿ! ನಿಮ್ಮ ಪುಸ್ತಕಕ್ಕೆ ಬೆಂಕಿ ಹಾಕ!” ಅಂತ ಕಿರುಚಿ, ನೀರು ಚಿಮುಕಿಸೋ ಬಾಟಲಿ ತಗೊಂಡು ಎಸೆದೆ. ಮೇಷ್ಟ್ರು ಬಾಗಿಲ ಹತ್ರ ನಿಂತು ನನಗೆ ಕೈ ಮುಗಿದು ಹೋದ್ರು. ನಾಟಕ ಮುಗಿದ ಮೇಲೆ ಕಲಾವಿದರಿಗೆ ಮುಗಿಯೋ ಹಾಗೆ! ಡ್ರೈವರಣ್ಣ ಒಬ್ಬನೇ ಉಳಿದ. ನೆಲದ ನೀರು ಒರೆಸಿ, “ಕಾನ್ಸರ್ಟ್ ದಿನ ವ್ಯಾನನ್ನ ಹಿಂಬಾಗಿಲ ಹತ್ರಾನೇ ನಿಲ್ಲಿಸಿರ್ತೀನಿ” ಅಂದ.

ಹಾಲ್ ಕಿಕ್ಕಿರಿದಿತ್ತು. ನಾನು ಸ್ಟೇಜಿನ ಪಕ್ಕ, ಪರದೆ ಮರೇಲಿ ನಿಂತಿದ್ದೆ. ಅದು ನನ್ನ ಅಂಗಡೀಲೇ ತೊಳೆದ ಪರದೆ, ಅಂಚು ಬಿಚ್ಚಿದ್ದನ್ನ ನಾನೇ ಹೊಲಿದಿದ್ದೆ. ಮೊದಲ ಹಾಡುಗಳು ಹೇಗೋ ಸಾಗಿದ್ವು. ಸಾಲು ಬಿದ್ದಾಗೆಲ್ಲ ಚಪ್ಪಾಳೆ. ಕೊನೆ ಹಾಡಿಗೆ ಕಡ್ಡಿ ಗಿಟಾರ್ ಶುರು ಮಾಡಿದ. ಇವನು ಮೈಕ್ ಮುಂದೆ ನಿಂತ. ಒಂದು ಮಾತೂ ಬರಲಿಲ್ಲ. ಗಿಟಾರ್ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು, ಕಡ್ಡಿ ನುಡಿಸೋದು ನಿಲ್ಲಿಸಿದ. ಹಾಲಲ್ಲಿ ಕೆಮ್ಮಿನ ಸದ್ದೂ ಇಲ್ಲ. ಜನ ಉಸಿರು ಬಿಗಿ ಹಿಡಿದು, ಇದೇ ನೋಡು ಕೊನೇ ಅಧ್ಯಾಯ ಅಂತ ಕಾಯ್ತಿದ್ದಾರೆ. ನನಗೆ ಕಾಣ್ತಿದ್ದಿದ್ದು ಅವನ ಬಲಗೈ. ನಡುಗ್ತಿತ್ತು. ಅವನು ಮೈಕನ್ನ ಮೇಲಿಂದ ಕೆಳಗೆ ನೋಡ್ತಿದ್ದ, ಆಮೇಲೆ ಜನರನ್ನ ನೋಡ್ತಿದ್ದ, ಆಮೇಲೆ ಯಾರನ್ನೋ ಹುಡುಕ್ತಿದ್ದ.

ಸಾಕು ಅನ್ನಿಸ್ತು. ಅಂಗಡಿಯ ಏಪ್ರನ್ನಲ್ಲೇ ಸ್ಟೇಜ್ ಮೇಲೆ ಹೋದೆ. ಬೆಳಕು ಕಣ್ಣಿಗೆ ಹೊಡೀತು. ಅವನ ಕೈ ಹಿಡಿದು, “ಬಾರೋ, ಹೋಗೋಣ” ಅಂದೆ.

ಎಂಥಾ ಚಪ್ಪಾಳೆ ಅದು! ಹಾಲ್ ಪೂರ್ತಿ ಎದ್ದು ನಿಂತುಬಿಡ್ತು. ಯಾರೋ, “ಅಂಬಿಗನ ಅಕ್ಕ!” ಅಂತ ಕೂಗಿದ್ರು. ಅವರೆಲ್ಲರ ಕೆನ್ನೆಗೆ ಒಂದೊಂದು ಬಾರಿಸಬೇಕು ಅನ್ನಿಸ್ತು ನನಗೆ. ಇವನು ಮಾತ್ರ ಮಗು ಹಾಗೆ ನನ್ನ ಹಿಂದೆ ಬಂದ. ಬಲಗಾಲು ಎಳೀತಿತ್ತು.

ಹಿಂಬಾಗಿಲಿನ ಓಣೀಲಿ ಮೇಷ್ಟ್ರು ಎದುರಿಗೇ ಓಡಿ ಬಂದ್ರು, ಮುಖ ಅರಳಿತ್ತು. “ಅಕ್ಕಾ, ಪುಸ್ತಕಕ್ಕಿಂತ ಚೆನ್ನಾಗಿತ್ತು! ಪುಸ್ತಕದಲ್ಲಿ ಅವಳು ಕೈ ಹಿಡಿಯಲ್ಲ—” ಅನ್ನೋಷ್ಟರಲ್ಲಿ ಇವನ ಮೊಣಕಾಲು ಕುಸೀತು. ನೆಲಕ್ಕೆ ಬಿದ್ದ, ಮೈ ಸೆಟೆದುಕೊಂಡು ಅದುರೋಕೆ ಶುರುವಾಯ್ತು, ಬಾಯಲ್ಲಿ ನೊರೆ. ಒಳಗೆ ಇನ್ನೂ ಚಪ್ಪಾಳೆ ಕೇಳಿಸ್ತಿತ್ತು. ಮೇಷ್ಟ್ರ ಬಾಯಿ ತೆರೆದ ಹಾಗೇ ಇತ್ತು. ಡ್ರೈವರಣ್ಣ, “ಏನ್ ನೋಡ್ತೀರ್ರೀ, ತಲೆ ಹಿಡ್ಕೊಳ್ಳಿ!” ಅಂತ ಗದರಿದ ಮೇಲೆ ಕೂತು, ಇವನನ್ನ ಒಂದು ಪಕ್ಕಕ್ಕೆ ತಿರುಗಿಸಿ, ತಲೆ ತಮ್ಮ ತೊಡೆ ಮೇಲಿಟ್ಕೊಂಡ್ರು. ಅದುರು ನಿಂತ ಮೇಲೆ ಮೂರೂ ಜನ ಸೇರಿ ವ್ಯಾನಿಗೆ ಹೊತ್ಕೊಂಡು ಹೋದ್ವಿ. ಆಸ್ಪತ್ರೆವರೆಗೂ ಮೇಷ್ಟ್ರು ಹಿಂದೆ, ಕೊಳೆ ಬಟ್ಟೆ ಮೂಟೆಗಳ ನಡುವೆ ಅವನನ್ನ ಹಿಡ್ಕೊಂಡು ಕೂತಿದ್ರು. ದಾರಿ ಉದ್ದಕ್ಕೂ ಹೇಳಿದ್ದು ಒಂದೇ ಮಾತು. “ನೀವು ಹೇಳಿದ್ರಿ. ಹೇಳಿದ್ರಿ ನೀವು.”

ಇವತ್ತು ಬೆಳಿಗ್ಗೆ ಆಪರೇಷನ್. ಎರಡು ದಿನ ಔಷಧಿ ಹಾಕಿದ ಮೇಲೆ ಸ್ವಲ್ಪ ಮಾತು ವಾಪಸ್ ಬಂದಿತ್ತು, ನಿನ್ನೆ ಹೂಂ ಅಂತ ಒಪ್ಪಿದ್ದ. ಆದ್ರೆ ತಳ್ಳುಗಾಡೀಲಿ ಆಪರೇಷನ್ ಕೋಣೆ ಬಾಗಿಲವರೆಗೆ ಬಂದವನು ಪಕ್ಕದ ಕಂಬಿ ಹಿಡ್ಕೊಂಡುಬಿಟ್ಟ.

“ಬೇಡ ಅಕ್ಕ.”

“ಯಾಕೋ ಕಂದಾ? ನಿನ್ನೆ ಆಗಲಿ ಅಂದ್ಯಲ್ಲ?”

“ಒಳಗೆ... ಎಲ್ಲ ಮರೆತುಹೋದ್ರೆ? ಅಲ್ಲಿ ಯಾರಿರ್ತಾರೆ?”

ಡಾಕ್ಟರಮ್ಮ ಹೊರಗೆ ಬಂದ್ರು. ಅವನೆಷ್ಟು ಹೆದರಿದಾನೆ ಅಂತ ಅವರಿಗೂ ಗೊತ್ತಾಯ್ತು. “ಅವರು ಬೇಡ ಅಂದ್ರೆ ನಾನು ಬಲವಂತವಾಗಿ ಕರ್ಕೊಂಡು ಹೋಗೋಕಾಗಲ್ಲ. ಆದ್ರೆ ಇನ್ನೊಂದು ಸಲ ಫಿಟ್ಸ್ ಬಂದ್ರೆ...” ಅಂದ್ರು. ಅವನ ಬೆರಳು ಬಿಡಿಸೋಕೆ ನೋಡಿದೆ. ಕಬ್ಬಿಣದ ಹಾಗಿತ್ತು. ಬೈದೆ, ಮುದ್ದು ಮಾಡಿದೆ, ಅಮ್ಮನ ಆಣೆ ಹಾಕಿದೆ. ಅವನು ಕಣ್ಣು ಮುಚ್ಕೊಂಡು ತಲೆ ಅಲ್ಲಾಡಿಸ್ತಾನೇ ಇದ್ದ.

ಆಗ ಹಿಂದಿನಿಂದ ಒಂದು ಸದ್ದು ಬಂತು. ಮೇಷ್ಟ್ರು. ಗೋಡೆಗೆ ಒರಗಿ ನಿಂತಿದ್ದವರು ನೆಟ್ಟಗೆ ನಿಂತು ಚಪ್ಪಾಳೆ ತಟ್ಟೋಕೆ ಶುರು ಮಾಡಿದ್ರು. ಮೆಲ್ಲಗೆ, ಒಂದೊಂದೇ. ಬೆಂಚುಗಳ ಮೇಲಿದ್ದ ಜನ ತಿರುಗಿ ನೋಡಿದ್ರು. ಇವರಿಗೆ ಹುಚ್ಚು ಹಿಡೀತೇನಪ್ಪಾ ಅಂತ ನನಗೂ ಅನ್ನಿಸ್ತು. ಅವರ ಕೆನ್ನೆ ಮೇಲೆ ನೀರು ಧಾರಾಕಾರ ಇಳೀತಿತ್ತು, ಒರೆಸ್ಕೊಳ್ಳಲಿಲ್ಲ, ಕೈ ನಿಲ್ಲಿಸಲಿಲ್ಲ. ಡ್ರೈವರಣ್ಣನೂ ಸೇರ್ಕೊಂಡ.

ನನ್ನ ತಮ್ಮ ಕಣ್ಣು ಬಿಟ್ಟ. ಸದ್ದು ಎಲ್ಲಿಂದ ಅಂತ ತಲೆ ತಿರುಗಿಸಿ ನೋಡಿದ. ಸ್ಟೇಜ್ ಹತ್ತೋ ಮುಂಚೆ ಅವನ ಮುಖದಲ್ಲಿ ಒಂದು ಕಳೆ ಬರುತ್ತೆ, ಅದು ಬಂತು. ಕಂಬಿ ಮೇಲಿನ ಬೆರಳು ಒಂದೊಂದಾಗಿ ಸಡಿಲಾಯ್ತು. ನರ್ಸಮ್ಮ ಇದೇ ಸಮಯ ಅಂತ ಗಾಡಿ ತಳ್ಳಿದ್ರು. ಬಾಗಿಲು ತೆರೀತು, ಗಾಡಿ ಒಳಗೆ ಹೋಯ್ತು, ಬಾಗಿಲು ಮುಚ್ಚಿಕೊಂಡ್ತು.

“ಇದು ಆಸ್ಪತ್ರೆ ಕಣ್ರೀ, ನಿಲ್ಲಿಸಿ” ಅಂತ ಯಾರೋ ಓಡಿ ಬಂದು ಗದರಿದ್ರು. ಮೇಷ್ಟ್ರು ನಿಲ್ಲಿಸಿದ್ರು, ಡ್ರೈವರಣ್ಣನೂ ನಿಲ್ಲಿಸಿದ. ಆದ್ರೂ ಸದ್ದು ಕೇಳಿಸ್ತಾನೇ ಇತ್ತು. ಯಾರದು ಅಂತ ನೋಡಿದ್ರೆ ನನ್ನ ಕೈ. ಒಳಗೆ ಅವನಿಗೆ ಮತ್ತಿನ ಔಷಧಿ ಏರೋವರೆಗೆ ಇದು ನಿಲ್ಲಬಾರದು ಅಂತ ಬಾಗಿಲಿಗೆ ಹತ್ತಿರ ಹೋಗಿ, ಜೋರಾಗಿ ತಟ್ಟಿದೆ.